ಬಾಗಿಲ ಮುಂದಿನ ಹಾಡು

ಹಾಡು ಕೇಳುತ್ತ ಒಲೆಯ ಮುಂದೆ ನಿಂತರೆ ನನ್ನ ಬೇಳೆಗೆ ಉಪ್ಪು ಎರಡು ಸಲ ಬೀಳುತ್ತದೆ ಎಂಬುದು ನಮ್ಮ ಮನೆಯವರ ಹಳೆಯ ದೂರು. ದೂರು ಸುಳ್ಳಲ್ಲ, ಒಪ್ಪಿಕೊಂಡುಬಿಡುತ್ತೇನೆ. ಎಸ್. ಜಾನಕಿಯವರ ದನಿ ಕಿವಿಗೆ ಬಿತ್ತೆಂದರೆ ನನಗೆ ಹಾಕಿದ ಉಪ್ಪೂ ನೆನಪಿರುವುದಿಲ್ಲ, ಹಾಕಬೇಕಾದ ಒಗ್ಗರಣೆಯೂ ನೆನಪಿರುವುದಿಲ್ಲ. ಸಿನಿಮಾ ಹಾಡಿನ ಬಗ್ಗೆ ಬರೆಯಲು ನನಗೇನು ಅಧಿಕಾರ ಎಂದು ಯಾರಾದರೂ ಕೇಳಿದರೆ ಈ ಉಪ್ಪಿನ ಬೇಳೆಯನ್ನೇ ತೋರಿಸಬೇಕು. ನಾನು ಸಂಗೀತ ಕಲಿತವಳಲ್ಲ. ರಾಗದ ಹೆಸರು ಕೇಳಿದರೆ ತಲೆ ತಗ್ಗಿಸುತ್ತೇನೆ. ಆದರೆ ನಲವತ್ತು ಐವತ್ತು ವರ್ಷ ಒಂದೇ ಹಾಡನ್ನು ಕೇಳಿದವಳಿಗೆ ಅದರ ಬಗ್ಗೆ ಒಂದೆರಡು ಮಾತು ಹೇಳುವ ಹಕ್ಕು ತಾನಾಗಿಯೇ ಬರುತ್ತದೆ, ಅಲ್ಲವೆ?

ನಾವು ಬೆಳೆದದ್ದು ಕಲಬುರ್ಗಿಯ ಗಾಜಿಪುರದಲ್ಲಿ. ಫರ್ಸಿ ಹಾಸಿದ ಅಂಗಳ, ಮೇಲೆ ಮಣ್ಣಿನ ಮಾಳಿಗೆ, ಬೇಸಿಗೆ ಬಂತೆಂದರೆ ಹಾಸಿಗೆ ಹೊತ್ತು ಎಲ್ಲರೂ ಮಾಳಿಗೆಯ ಮೇಲೆ. ನಮ್ಮ ಮಾಳಿಗೆಗೂ ನೆರೆಮನೆಯ ಮಾಳಿಗೆಗೂ ನಡುವೆ ಮೊಳಕಾಲೆತ್ತರದ ಗೋಡೆ. ಆ ಕಡೆ ನಮ್ಮ ಖಾಲಾ. ಅವರು ನಮಗೇನೂ ರಕ್ತಸಂಬಂಧಿಯಲ್ಲ. ಆದರೆ ಓಣಿಯ ಮಕ್ಕಳಿಗೆಲ್ಲ ಅವರು ಖಾಲಾ, ಅವರ ಮಕ್ಕಳಿಗೆ ನಮ್ಮ ಅವ್ವ ಅವ್ವನೇ. ರಾತ್ರಿ ಆ ಮಾಳಿಗೆಯಿಂದ ಹಿಂದಿ ಹಾಡು, ಈ ಮಾಳಿಗೆಯಿಂದ ಕನ್ನಡ ಹಾಡು. ಗುಲಬರ್ಗಾ ಆಕಾಶವಾಣಿ ಕೇಂದ್ರ ಶುರುವಾದದ್ದು 1966ರಲ್ಲಿ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ನಮ್ಮ ಮಾಡದಲ್ಲಿ ಒಂದು ಟ್ರಾನ್ಸಿಸ್ಟರು ಕೂತಿತ್ತು. ಅವ್ವ ಅದಕ್ಕೊಂದು ಕಸೂತಿಯ ಬಟ್ಟೆ ಹೊಲಿದು ಹೊದಿಸಿದ್ದಳು. ದೇವರ ಮಾಡಕ್ಕೂ ಅಷ್ಟು ಚಂದದ ಬಟ್ಟೆ ಇರಲಿಲ್ಲ.

ಅವ್ವನಿಗೆ ಸಿನಿಮಾ ಎಂದರೆ ಕಲ್ಪನಾ. ಹೊಸ ಸಿನಿಮಾ ನಮ್ಮೂರಿಗೆ ಬರುವ ಹೊತ್ತಿಗೆ ಹಳೆಯದಾಗಿರುತ್ತಿತ್ತು, ಆದರೆ ಅವ್ವನ ಕಣ್ಣೀರು ಮಾತ್ರ ತಾಜಾ. ಅವಳು ಓಣಿಯ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು, ಸೆರಗಿಗೆ ಹುರಿದ ಶೇಂಗಾ ಕಟ್ಟಿಕೊಂಡು ಮ್ಯಾಟಿನಿಗೆ ಹೊರಟಳೆಂದರೆ ಅವತ್ತು ರಾತ್ರಿ ಮನೆಯಲ್ಲಿ ರೊಟ್ಟಿ ತಡ ಎಂದೇ ಲೆಕ್ಕ. ಬಂದ ಮೇಲೆ ಕಥೆ ಹೇಳುತ್ತ ರೊಟ್ಟಿ ಬಡಿಯುವಳು. ಅಳುವ ಜಾಗ ಬಂದಾಗ ರೊಟ್ಟಿ ಹರಿಯುವುದು.

ಅವ್ವನ ಬಾಯಿಂದ ಕೇಳಿ, ಆಮೇಲೆ ನಾನೇ ಕಂಡು, ನನ್ನೊಳಗೆ ಉಳಿದುಬಿಟ್ಟ ಚಿತ್ರಗಳು ನಾಲ್ಕು. 'ಬೆಳ್ಳಿಮೋಡ' (1967), 'ಗೆಜ್ಜೆಪೂಜೆ' (1969), 'ಶರಪಂಜರ' (1971), 'ಎರಡು ಕನಸು' (1974). ಮೊದಲ ಮೂರನ್ನು ಪುಟ್ಟಣ್ಣ ಕಣಗಾಲ್ ತೆಗೆದರು, ನಾಲ್ಕನೆಯದನ್ನು ದೊರೆ–ಭಗವಾನ್. ನಾಲ್ಕರಲ್ಲೂ ಕಲ್ಪನಾ ಇದ್ದಾರೆ. ಈ ನಾಲ್ಕನ್ನೂ ಒಟ್ಟಿಗಿಟ್ಟು ನೋಡಬೇಕೆಂದು ನನಗೆ ಹೊಳೆದದ್ದು ತೀರಾ ಇತ್ತೀಚೆಗೆ. ನಾಲ್ಕರ ಕಥೆಯನ್ನೂ ಬರೆದವರು ಹೆಂಗಸರು ನೋಡಿ. 'ಬೆಳ್ಳಿಮೋಡ', 'ಶರಪಂಜರ' ತ್ರಿವೇಣಿಯವರವು, 'ಗೆಜ್ಜೆಪೂಜೆ' ಎಂ.ಕೆ. ಇಂದಿರಾ ಅವರದು, 'ಎರಡು ಕನಸು' ವಾಣಿಯವರದು. ನಿರ್ದೇಶಿಸಿದವರು, ಹಾಡು ಬರೆದವರು, ರಾಗ ಹಾಕಿದವರು ಗಂಡಸರು. ಆ ಹಾಡುಗಳಿಗೆ ಉಸಿರು ಕೊಟ್ಟವರು ಮತ್ತೆ ಹೆಂಗಸರು, ಎಸ್. ಜಾನಕಿ, ಪಿ. ಸುಶೀಲ, ವಾಣಿ ಜಯರಾಂ. ಜಾನಕಿ, ಸುಶೀಲ ಇಬ್ಬರಿಗೂ ಮನೆಮಾತು ತೆಲುಗು. ಮೈಸೂರು ಸೀಮೆಯ ಕನ್ನಡ ಮಾತಾಡುವ ಕಥಾನಾಯಕಿ, ಆಂಧ್ರದ ಗಾಯಕಿ, ಕೇಳಿ ಅಳುವವಳು ಗಾಜಿಪುರದ ನಮ್ಮವ್ವ. ಹೆಂಗಸೊಬ್ಬಳು ಎತ್ತಿದ ಪ್ರಶ್ನೆ ಇಷ್ಟು ಕೈ ದಾಟಿ ನಮ್ಮ ಮಾಡದೊಳಗಿನ ಟ್ರಾನ್ಸಿಸ್ಟರಿಗೆ ಬರುವಷ್ಟರಲ್ಲಿ ಏನಾಯಿತು ಎಂಬುದೇ ಇವತ್ತಿನ ನನ್ನ ಮಾತು.

'ಎರಡು ಕನಸು' ಕಥೆ ನಿಮಗೆ ಗೊತ್ತೇ ಇದೆ. ರಾಜಕುಮಾರ್ ಅಭಿನಯದ ರಾಮಚಂದ್ರ ಮೆಚ್ಚಿದ್ದು ಲಲಿತೆಯನ್ನು, ಮನೆಯವರ ಬಲವಂತಕ್ಕೆ ತಾಳಿ ಕಟ್ಟಿದ್ದು ಗೌರಿಗೆ. ಕಟ್ಟಿದವನು ಅವಳ ಮುಖ ನೋಡುವುದಿಲ್ಲ. ಹೊಡೆಯುವುದಿಲ್ಲ, ಬೈಯುವುದಿಲ್ಲ, ನೋಡುವುದಿಲ್ಲ ಅಷ್ಟೆ. ಆಗ ಗೌರಿ ದೇವರ ಮುಂದೆ ಒಂದು ಹಾಡು ಹಾಡುತ್ತಾಳೆ. ಪೂಜೆಗೆಂದು ಹೂ ತಂದು ಮುಚ್ಚಿದ ಬಾಗಿಲ ಮುಂದೆ ನಿಂತಿದ್ದೇನೆ, ತೆರೆಯಬಾರದೆ ಎಂದು ರಾಮನನ್ನು ಬೇಡುವ ಹಾಡು. ಅವಳು ಬೇಡುವ ದೇವರ ಹೆಸರೂ ಅವಳ ಗಂಡನ ಹೆಸರೂ ಒಂದೇ ಆಗಿರುವುದರಲ್ಲಿ ಚಿ. ಉದಯಶಂಕರ್ ಅವರ ಜಾಣ್ಮೆ ಇದೆ. ರಾಜನ್–ನಾಗೇಂದ್ರ ಅದಕ್ಕೆ ಕೊಟ್ಟ ರಾಗದಲ್ಲಿ ಎಲ್ಲೂ ದೂರಿನ ಸುಳಿವಿಲ್ಲ. ಜಾನಕಿಯವರು ಅದನ್ನು ಎಷ್ಟು ಮೆತ್ತಗೆ ಹಾಡಿದ್ದಾರೆಂದರೆ, ಬಾಗಿಲ ಆಚೆಯವನಿಗೆ ನಿದ್ದೆ ಕೆಡಬಾರದು ಎಂಬ ಕಾಳಜಿ ಅವರ ದನಿಯಲ್ಲಿದೆ. ಕನ್ನಡದಲ್ಲಿ ಅದಕ್ಕಿಂತ ಇಂಪಾದ ಹಾಡು ನನಗೆ ಗೊತ್ತಿಲ್ಲ. ಈಗಲೂ ಇದೇ ಮಾತು ಹೇಳುತ್ತೇನೆ.

ಅವ್ವ ಆ ಸಿನಿಮಾ ಮೂರು ಸಲ ನೋಡಿದಳು. 1978ರಲ್ಲಿ ನಮ್ಮ ಅಕ್ಕನನ್ನು ಕಮಲಾಪುರಕ್ಕೆ ಕೊಟ್ಟೆವು. ಹೊಲಮನೆ ಇದ್ದವರು, ತೊಗರಿ ಜೋಳಕ್ಕೆ ಕೊರತೆ ಇಲ್ಲದವರು. ಕಮಲಾಪುರದ ಕೆಂಪು ಬಾಳೆಹಣ್ಣಿನ ಹೆಸರು ನೀವು ಕೇಳಿರಬೇಕು. ಅಕ್ಕ ತವರಿಗೆ ಬಂದಾಗಲೆಲ್ಲ ಒಂದು ಚಿಪ್ಪು ತರುತ್ತಿದ್ದಳು. ನಾವು ಹಣ್ಣಿಗೆ ಮುತ್ತುತ್ತಿದ್ದೆವು, ಅವಳ ಮುಖ ಯಾರೂ ನೋಡುತ್ತಿರಲಿಲ್ಲ. ನೋಡಿದವಳು ಅವ್ವ ಒಬ್ಬಳೇ. ಎರಡನೆಯ ವರ್ಷದ ನಾಗರ ಪಂಚಮಿಗೆ ಬಂದಾಗ ಅಡುಗೆಮನೆಯಲ್ಲಿ ಅಕ್ಕ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತ್ತು.

"ಅವ್ವಾ, ಅವರು ನನ್ನ ಕೂಡ ಮಾತೇ ಆಡಲ್ಲ. ತಾಟ ಇಟ್ರ ಉಣ್ತಾರ, ಎದ್ದು ಹೋಗ್ತಾರ."

ಅವ್ವ ಬಹಳ ಹೊತ್ತು ಸುಮ್ಮನಿದ್ದು ಅಂದಳು, "ನೋಡವ್ವಾ, ಆ ಗೌರಿ ಹ್ಯಾಂಗ ತಡಕೊಂಡಳು. ಹೆಣ್ಮಕ್ಕಳು ತಡಕೋಬೇಕು. ಒಂದಿನ ಬಾಗಲಾ ತೆರೀತದ."

ಅವ್ವ ಕೆಟ್ಟವಳಲ್ಲ. ಅವಳಿಗೆ ಬೇರೆ ಮಾತು ಗೊತ್ತಿರಲಿಲ್ಲ. ಮಗಳ ದುಃಖಕ್ಕೆ ಕೊಡಲು ಅವಳ ಹತ್ತಿರ ಇದ್ದದ್ದು ಒಂದು ಸಿನಿಮಾ, ಒಂದು ಹಾಡು. ಅಕ್ಕ ಅದನ್ನೇ ಕಟ್ಟಿಕೊಂಡು ಕಮಲಾಪುರಕ್ಕೆ ಹೋದಳು. ಒಂಬತ್ತು ವರ್ಷ ತಡೆದಳು.

ಈಗ ಆ ಸಿನಿಮಾವನ್ನು ಸ್ವಲ್ಪ ಬಿಡಿಸಿ ನೋಡೋಣ. ಕೊನೆಗೆ ಬಾಗಿಲು ತೆರೆಯುತ್ತದೆ, ನಿಜ. ಆದರೆ ಯಾಕೆ ತೆರೆಯುತ್ತದೆ? ಲಲಿತೆ ತನ್ನ ಸಂಸಾರದಲ್ಲಿ ಸುಖವಾಗಿದ್ದಾಳೆ, ತನ್ನನ್ನು ನೆನೆದು ಕೊರಗುತ್ತಿಲ್ಲ ಎಂದು ರಾಮಚಂದ್ರ ಕಣ್ಣಾರೆ ಕಂಡ ಮೇಲೆ ತೆರೆಯುತ್ತದೆ. ಗೌರಿಯ ಹೂವಿನಿಂದಲೂ ಅಲ್ಲ, ಹಾಡಿನಿಂದಲೂ ಅಲ್ಲ. ಲಲಿತೆ ಹಳೆಯದನ್ನು ಬಿಟ್ಟು ಮುಂದೆ ಹೋದಳು, ಅದರ ಫಲ ಗೌರಿಗೆ ಸಿಕ್ಕಿತು. ಲಲಿತೆಯೂ ಕೊರಗುತ್ತ ಕೂತಿದ್ದರೆ ಗೌರಿಯ ಗತಿ ಏನಾಗುತ್ತಿತ್ತು? ಕಥೆಯಲ್ಲಿ ಇಷ್ಟು ಸ್ಪಷ್ಟವಾಗಿರುವ ಸಂಗತಿ ಮೂರು ಸಲ ನೋಡಿದ ನಮ್ಮವ್ವನಿಗೆ ಕಾಣಲಿಲ್ಲ, ಹಾಡು ಕೇಳಿ ಉಪ್ಪು ಮರೆಯುವ ನನಗೂ ಕಾಣಲಿಲ್ಲ. ಹಾಡು ಅಷ್ಟು ಚೆನ್ನಾಗಿತ್ತು. ತಾಳ್ಮೆಗೆ ಫಲ ಸಿಕ್ಕೇ ಸಿಗುತ್ತದೆ ಎಂದು ಕಥೆ ಹೇಳಿರಲಿಲ್ಲ. ಆ ಇಂಪಿನಲ್ಲಿ ನಾವೇ ಹಾಗೆಂದು ಕೇಳಿಸಿಕೊಂಡೆವು.

ಹಾಗಾದರೆ ಹಾಡೆಲ್ಲ ಹೆಣ್ಣಿನ ಬಾಯಿ ಮುಚ್ಚಿಸುವುದಕ್ಕೇ ಇದೆಯೇ ಎಂದರೆ ಹಾಗೂ ಹೇಳಲಾರೆ. 'ಶರಪಂಜರ' ನೋಡಿ. ಮೊದಲ ಅರ್ಧದಲ್ಲಿ ಕಾವೇರಿ, ಸತೀಶ ಇಬ್ಬರೂ ಬೇಂದ್ರೆಯವರ ಪದ್ಯಕ್ಕೆ, ಕೊಡಗಿನ ಹಸಿರಿಗೆ ಹಾಡಿ ಕುಣಿಯುತ್ತಾರೆ. ಬಾಣಂತನದಲ್ಲಿ ಕಾವೇರಿಯ ಮನಸ್ಸು ಕೆಡುತ್ತದೆ. ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬಂದರೆ ಮನೆ ಅವಳನ್ನು ಒಪ್ಪುವುದಿಲ್ಲ. ಕೆಲಸದವರು ಹೆದರುತ್ತಾರೆ, ನೆರೆಯವರು ಅನುಮಾನದಿಂದ ನೋಡುತ್ತಾರೆ, ಗಂಡನ ಮನಸ್ಸು ಬೇರೆ ಕಡೆ ಹೋಗಿದೆ. ಆ ಕಾವೇರಿಯ ಬಾಯಲ್ಲಿ ವನವಾಸ ಮುಗಿಸಿ ಮರಳಿದ ಸೀತೆಯ ಹಾಡು ಬರುತ್ತದೆ. ಹಾಡಿದವರು ಪಿ. ಸುಶೀಲ. ಕೇಳುತ್ತ ಕೇಳುತ್ತ ಸೀತೆ ಯಾರು, ಮತ್ತೆ ಕಾಡಿಗಟ್ಟುವವರು ಯಾರು ಎಂಬುದು ಕೂತವರಿಗೆಲ್ಲ ತಿಳಿದುಬಿಡುತ್ತದೆ. ಇಲ್ಲಿ ಹಾಡು ದೂರನ್ನು ಮುಚ್ಚುವುದಿಲ್ಲ, ದೂರು ಹೇಳಲು ದಾರಿ ಮಾಡಿಕೊಡುತ್ತದೆ. ನೇರವಾಗಿ ಹೇಳಿದರೆ ಹುಚ್ಚಿಯ ಮಾತು ಎನ್ನುತ್ತಿದ್ದರು, ಸೀತೆಯ ಹೆಸರಿನಲ್ಲಿ ಹೇಳಿದ್ದಕ್ಕೆ ಕೇಳಿಸಿಕೊಳ್ಳಬೇಕಾಯಿತು. ಬೀಸುಕಲ್ಲಿನ ಮುಂದೆ ನಮ್ಮ ಅಜ್ಜಿಯರು ಮಾಡಿದ್ದೂ ಇದನ್ನೇ ಅಲ್ಲವೆ? ಅತ್ತೆಯ ಕಾಟವನ್ನು ಯಾರದೋ ಕಥೆ ಮಾಡಿ ಹಾಡುತ್ತಿದ್ದರು, ಕೇಳಿಸಬೇಕಾದವರಿಗೆ ಕೇಳಿಸುತ್ತಿತ್ತು.

ಮನಃಶಾಸ್ತ್ರ ಓದಿದ್ದ ತ್ರಿವೇಣಿ 1963ರಲ್ಲಿ, ಮಗು ಹುಟ್ಟಿದ ಕೆಲವೇ ದಿನಗಳಲ್ಲಿ, ಇನ್ನೂ ಮೂವತ್ತೈದು ತುಂಬದ ವಯಸ್ಸಿನಲ್ಲಿ ತೀರಿಕೊಂಡರು. ಈ ಚಿತ್ರಗಳಲ್ಲಿ ಒಂದನ್ನೂ ಅವರು ನೋಡಲಿಲ್ಲ. ಆದರೆ ಒಂದು ಮಾತು ಹೇಳಬೇಕು. ನಮ್ಮ ಓಣಿಯಲ್ಲಿ ಬಾಣಂತಿಯೊಬ್ಬಳು ಗೋಡೆ ನೋಡುತ್ತ ಕೂತರೆ ಮೊದಲು ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುತ್ತಿದ್ದರು. 'ಶರಪಂಜರ' ಬಂದುಹೋದ ಮೇಲೆ ಅವ್ವ ಅಂಥ ಒಬ್ಬಳ ಅತ್ತೆಗೆ, "ಕಾವೇರಿಗೆ ಆಗಿತ್ತಲ್ಲ, ಅದೇ ಇರಬೇಕು, ದವಾಖಾನಿಗಿ ಕರಕೊಂಡು ಹೋಗ್ರಿ" ಎಂದದ್ದು ನನಗೆ ಚೆನ್ನಾಗಿ ನೆನಪಿದೆ. ಸಿನಿಮಾದಿಂದ ಅವ್ವ ಕಲಿತದ್ದೆಲ್ಲ ತಪ್ಪೆಂದು ಹೇಳಿದರೆ ಅನ್ಯಾಯವಾಗುತ್ತದೆ.

ಇನ್ನು 'ಗೆಜ್ಜೆಪೂಜೆ'. ಇದು ಅವ್ವ ಮತ್ತು ಖಾಲಾ ನಡುವಿನ ಕಾಯಂ ಜಗಳ. ಖಾಲಾಗೆ 'ಪಾಕೀಜಾ' ಎಂದರೆ ಪ್ರಾಣ. ಆ ಚಿತ್ರ ತೆರೆಗೆ ಬಂದದ್ದು 1972ರ ಫೆಬ್ರವರಿಯಲ್ಲಿ, ಮಾರ್ಚ್ ಕೊನೆಯ ದಿನ ಮೀನಾಕುಮಾರಿ ತೀರಿಕೊಂಡರು. ಎರಡು ಸಿನಿಮಾದ ಕಥೆಯ ಬೇರು ಒಂದೇ. ಕುಣಿದು ಹಾಡಿ ಬದುಕುವ ಮನೆಯಲ್ಲಿ ಹುಟ್ಟಿದ ಹುಡುಗಿ ಎಲ್ಲರಂತೆ ಮದುವೆಯಾಗಿ ಬಾಳಲು ಬಯಸುತ್ತಾಳೆ. ಚಂದ್ರಾಳ ಬದುಕಿನಲ್ಲಿ ಪ್ರೀತಿ ಚಿಗುರಿದಾಗ ಜಾನಕಿ ಹಾಡಿದ ಹಾಡಿನಲ್ಲಿ ಭೂಮಿ ಆಕಾಶಗಳ ಗೊಡವೆಯೇ ಇಲ್ಲದ ಸಂತೋಷ ಇದೆ. ವಿಜಯಭಾಸ್ಕರ್ ಸಂಗೀತ. ಆ ಹಾಡು ಕೇಳಿದ ಮೇಲೆ ಅವಳ ಕೊನೆಯನ್ನು ನೋಡಲಾಗುವುದಿಲ್ಲ, ಯಾಕೆಂದರೆ ಚಂದ್ರಾ ಸಾವನ್ನೇ ಆರಿಸಿಕೊಳ್ಳುತ್ತಾಳೆ. 'ಪಾಕೀಜಾ'ದ ಸಾಹಿಬ್‌ಜಾನ್ ಒಡೆದ ಗಾಜಿನ ಮೇಲೆ ಕುಣಿದು ರಕ್ತ ಹರಿಸುತ್ತಾಳೆ, ಆದರೆ ಬದುಕುತ್ತಾಳೆ. ಕೊನೆಗೆ ಅವಳ ಮನೆ ಬಾಗಿಲಿಗೇ ದಿಬ್ಬಣ ಬರುತ್ತದೆ.

ಖಾಲಾ ಅನ್ನುತ್ತಿದ್ದರು, "ನಿಮ್ಮ ಸಿನಿಮಾದಾಗ ಛೋಕರಿಗಿ ಸಾಯಿಸಿಬಿಡ್ತಾರ. ನಮ್ಮದ್ರಾಗ ನಿಕಾಹ್ ಮಾಡಸ್ತಾರ. ಯಾವುದು ಛಲೋ, ನೀನೇ ಹೇಳು."

ಅವ್ವ ಸೋಲುತ್ತಿರಲಿಲ್ಲ. "ನಿಮ್ಮದು ಸುಳ್ಳು, ನಮ್ಮದು ಖರೇ" ಎನ್ನುತ್ತಿದ್ದಳು.

ಈ ವಯಸ್ಸಿನಲ್ಲಿ ನನಗನಿಸುವುದೇನೆಂದರೆ, ಇಬ್ಬರೂ ಅರ್ಧರ್ಧ ಸರಿ. ಇಂದಿರಾ ಅವರು ಸಮಾಜ ಹೇಗಿದೆಯೋ ಹಾಗೆ ಬರೆದರು. ಪುಟ್ಟಣ್ಣನವರಿಗೆ ಆ ಚಿತ್ರದ ಚಿತ್ರಕಥೆಗಾಗಿ ರಾಷ್ಟ್ರಪ್ರಶಸ್ತಿ ಬಂತು, ಬರಬೇಕಾದದ್ದೇ. ಆದರೆ ತೆರೆಯ ಮೇಲೆ ಸಾಯುವ ಒಳ್ಳೆಯ ಹೆಣ್ಣುಮಗಳನ್ನು ನೋಡಿ ಕಣ್ಣೊರೆಸಿಕೊಂಡು ಮನೆಗೆ ಬರುವುದು ನಮಗೆ ಬಹಳ ಸುಲಭ. ಅವಳು ಬದುಕಿ ನಮ್ಮ ಓಣಿಯಲ್ಲಿ ಬಾಡಿಗೆ ಮನೆ ಕೇಳಿದ್ದರೆ ಕೊಡುತ್ತಿದ್ದೆವೇ? ಖಾಲಾ ಹೇಳುವ ದಿಬ್ಬಣ ಸುಳ್ಳೇ ಇರಬಹುದು, ಆದರೂ ಆ ಹುಡುಗಿ ಬದುಕಬೇಕು ಎಂಬ ಆಸೆ ಅದರಲ್ಲಿದೆ.

1987ರಲ್ಲಿ ಅಕ್ಕ ಬಂದಳು. ಒಂದು ಟ್ರಂಕು, ಒಂದು ಚಿಪ್ಪು ಕೆಂಪು ಬಾಳೆಹಣ್ಣು. ಹಣ್ಣು ಯಾಕೆ ತಂದಳೋ, ಬಹುಶಃ ಬರಿಗೈಲಿ ತವರಿಗೆ ಬಂದು ರೂಢಿ ಇರಲಿಲ್ಲ. "ಇನ್ನ ಹೋಗಲ್ಲ" ಎಂದಷ್ಟೇ ಹೇಳಿದಳು. ಅಪ್ಪ ಹೊರಗೆ ಎದ್ದು ಹೋದರು. ಅವ್ವ ನೀರು ಕೊಟ್ಟಳು. ಬಂದ ನಾಲ್ಕನೆಯ ದಿನವೋ ಐದನೆಯ ದಿನವೋ, ಮಧ್ಯಾಹ್ನ ರೇಡಿಯೋದಲ್ಲಿ ಶ್ರೋತೃಗಳ ಕೋರಿಕೆಯ ಚಿತ್ರಗೀತೆಗಳು ಬರುತ್ತಿದ್ದವು. ಗೌರಿಯ ಆ ಹಾಡು ಶುರುವಾಯಿತು. ಅವ್ವ ರೊಟ್ಟಿ ಬಡಿಯುತ್ತಿದ್ದವಳು ಎದ್ದಳು, ಹಿಟ್ಟಿನ ಕೈಯಲ್ಲೇ ಮಾಡದ ಹತ್ತಿರ ಹೋಗಿ ಕಿವಿ ತಿರುವಿ ರೇಡಿಯೋ ಬಂದ್ ಮಾಡಿದಳು. ಕಸೂತಿ ಬಟ್ಟೆಗೆ ಹಿಟ್ಟು ಮೆತ್ತಿತು. ಅವ್ವ ತಾನಾಗಿಯೇ ಒಂದು ಹಾಡನ್ನು ನಿಲ್ಲಿಸಿದ್ದು ನಾನು ಕಂಡದ್ದು ಅದೊಂದೇ ಸಲ. ಯಾರೂ ಮಾತಾಡಲಿಲ್ಲ. ಒಂದು ವಾರದ ಮೇಲೆ ಅವ್ವ ತನ್ನ ಪಾಟ್ಲಿ ಬಿಚ್ಚಿ ಕೊಟ್ಟು ಅಕ್ಕನಿಗೆ ಹೊಲಿಗೆ ಮಷಿನ್ ಕೊಡಿಸಿದಳು.

ಆ ದಿನಗಳಲ್ಲೇ ನಾವು ಖಾಲಾ ಮನೆಯ ಟಿ.ವಿ.ಯಲ್ಲಿ 'ಬೆಳ್ಳಿಮೋಡ' ನೋಡಿದ್ದು. ಕಪ್ಪು ಬಿಳುಪಿನ ಚಿತ್ರ, ನಡುನಡುವೆ ಕರೆಂಟು ಹೋಗಿಬರುತ್ತಿತ್ತು. ಇಂದಿರಾ ಶ್ರೀಮಂತರ ಒಬ್ಬಳೇ ಮಗಳು. ಅವಳ ತಂದೆಯ ಹಣದಲ್ಲಿ ಮೋಹನ ಅಮೆರಿಕಕ್ಕೆ ಓದಲು ಹೋಗುತ್ತಾನೆ, ಅವಳನ್ನು ಮದುವೆಯಾಗುವ ಮಾತಿನ ಮೇಲೆ. ಅಷ್ಟರಲ್ಲಿ ಮನೆಯಲ್ಲಿ ಗಂಡುಮಗು ಹುಟ್ಟುತ್ತದೆ, ಆಸ್ತಿಗೆ ವಾರಸುದಾರ ಬರುತ್ತಾನೆ, ಮೋಹನನ ಪ್ರೀತಿ ಇಳಿದುಹೋಗುತ್ತದೆ. ಆಮೇಲೆ ಅವನೇ ಕಾಲು ಮುರಿದುಕೊಂಡು ಮಲಗಿದಾಗ ಇಂದಿರಾ ಅವನ ಶುಶ್ರೂಷೆ ಮಾಡುತ್ತಾಳೆ. ಅವನ ಮನಸ್ಸು ಕರಗುತ್ತದೆ, ಈಗ ಮದುವೆಯಾಗೋಣ ಎನ್ನುತ್ತಾನೆ. ನಮ್ಮವ್ವ ಆ ಹೊತ್ತಿಗೆ ಸೆರಗು ಕಣ್ಣಿಗೆ ಹಚ್ಚಿದ್ದಳು. ಬಾಗಿಲು ತೆರೆಯಿತಲ್ಲ!

ಇಂದಿರಾ ಒಲ್ಲೆ ಎನ್ನುತ್ತಾಳೆ.

ಆ ಗಳಿಗೆಯಲ್ಲಿ ನನ್ನ ನೆನಪಿನಲ್ಲಿ ಉಳಿದದ್ದು ಹಾಡಲ್ಲ, ಕಲ್ಪನಾ ಅವರ ಮುಖ. ಸಿಟ್ಟಿಲ್ಲ, ಸೇಡಿಲ್ಲ. ಕಾಯಿಲೆಯವನಿಗೆ ಸೇವೆ ಮಾಡಿದೆ, ಅದು ಬೇರೆ, ಮದುವೆ ಬೇರೆ ಎಂಬ ಲೆಕ್ಕ ಅವಳಿಗೆ ಚೊಕ್ಕಟವಾಗಿದೆ. ನಾನು ಅಕ್ಕನ ಕಡೆ ನೋಡಿದೆ. ಅವಳು ಅಳುತ್ತಿರಲಿಲ್ಲ. ಮುಂದಕ್ಕೆ ಬಾಗಿ, ಮಗ್ಗಿ ಬಾಯಿಪಾಠ ಮಾಡುವ ಹುಡುಗಿಯ ಹಾಗೆ ನೋಡುತ್ತಿದ್ದಳು.

ಈ ನಾಲ್ಕರಲ್ಲಿ ಮೊದಲು ಬಂದದ್ದು 'ಬೆಳ್ಳಿಮೋಡ'. ಏಳು ವರ್ಷದ ನಂತರ ಬಂದದ್ದು 'ಎರಡು ಕನಸು'. ಕಾಲ ಮುಂದೆ ಹೋದಂತೆ ತೆರೆಯ ಮೇಲಿನ ಹೆಣ್ಣಿಗೆ ಧೈರ್ಯ ಹೆಚ್ಚುತ್ತದೆ ಎಂದು ನಾವು ತಿಳಿದಿರುತ್ತೇವೆ, ಇಲ್ಲಿ ಉಲ್ಟಾ ಆಗಿದೆ. ಅದೇ ಕಲ್ಪನಾ 1967ರಲ್ಲಿ ಒಲ್ಲೆ ಎಂದರು, 1974ರಲ್ಲಿ ಬಾಗಿಲ ಮುಂದೆ ನಿಂತರು. ಜನ ಎರಡಕ್ಕೂ ಚಪ್ಪಾಳೆ ತಟ್ಟಿದರು. ಮಿನುಗುತಾರೆ ಎಂದು ಕರೆಸಿಕೊಂಡ ಆಕೆ 1979ರಲ್ಲಿ ನಮ್ಮ ಉತ್ತರ ಕರ್ನಾಟಕದ್ದೇ ಸಂಕೇಶ್ವರದ ಹತ್ತಿರ, ಮೂವತ್ತಾರು ತುಂಬುವ ಮೊದಲೇ ತೀರಿಕೊಂಡರು. ಅವತ್ತು ಅವ್ವ ಒಲೆ ಹಚ್ಚಿರಲಿಲ್ಲ.

ಈಗ ಅವ್ವ ಇಲ್ಲ, ಖಾಲಾ ಇಲ್ಲ. ಮಣ್ಣಿನ ಮಾಳಿಗೆ ಹೋಗಿ ಸ್ಲ್ಯಾಬು ಬಂತು. ಟ್ರಾನ್ಸಿಸ್ಟರಿನ ಕೆಲಸವನ್ನು ಮೊಬೈಲು ಮಾಡುತ್ತದೆ. ಅಕ್ಕ ಎಪ್ಪತ್ತರ ಹತ್ತಿರ ಬಂದಿದ್ದಾಳೆ, ಎರಡು ಗಲ್ಲಿ ಆಚೆ ಇದ್ದಾಳೆ, ಕಣ್ಣು ಮಂಜಾದರೂ ಮಷಿನ್ ಬಿಟ್ಟಿಲ್ಲ. ಈ ಲೇಖನ ಬರೆಯಬೇಕೆಂದು ಕೂತಾಗ ನನಗೊಂದು ಅಳುಕು. ಅಕ್ಕನ ಒಂಬತ್ತು ವರ್ಷ ತಿಂದ ಹಾಡನ್ನು ನಾನು ಇನ್ನೂ ಇಷ್ಟಪಡುತ್ತೇನಲ್ಲ, ಅದು ಸರಿಯೇ? ಹೋಗಿ ಕೇಳಿಯೇಬಿಟ್ಟೆ. ಮೊಬೈಲಿನಲ್ಲಿ ಆ ಹಾಡು ಹಚ್ಚಿದೆ. ಅಕ್ಕ ಮಷಿನ್ ನಿಲ್ಲಿಸಿ ಪೂರ್ತಿ ಕೇಳಿದಳು.

"ಛಲೋ ಹಾಡ್ಯಾಳ ಪುಣ್ಯಾತಗಿತ್ತಿ," ಅಂದಳು. "ಹಾಡಿಂದೇನ ತಪ್ಪದ ತಂಗೀ? ಆಕಿ ಬಾಗಲಾ ತೆರೀ ಅಂತ ಬೇಡಕೊಂಡಳು, ಅಷ್ಟ. ಎಷ್ಟ ವರ್ಷ ನಿಂದರಬೇಕು ಅಂತ ಹಾಡಿನಾಗ ಎಲ್ಲೂ ಹೇಳಿಲ್ಲ. ಅದು ನಾವು ಹಾಕ್ಕೊಂಡ ಲೆಕ್ಕ."

ವಿಮರ್ಶೆ ಎಂದು ನಾನು ಇಷ್ಟು ಪುಟ ಬರೆದದ್ದನ್ನು ಅಕ್ಕ ದಾರ ಪೋಣಿಸುತ್ತ ಹೇಳಿ ಮುಗಿಸಿದಳು. ನಾನು ಇಷ್ಟು ಮಾತ್ರ ಸೇರಿಸುತ್ತೇನೆ. ನಿಮ್ಮ ಹೆಣ್ಣುಮಕ್ಕಳಿಗೆ ಆ ಹಾಡು ಕೇಳಿಸಿ, ಅಂಥ ದನಿ ಮತ್ತೆ ಸಿಗುವುದಿಲ್ಲ. ಆದರೆ ಅದೇ ದಿನ 'ಬೆಳ್ಳಿಮೋಡ'ವನ್ನೂ ತೋರಿಸಿ. ಒಂದನ್ನು ಕೇಳಿಸಿ ಇನ್ನೊಂದನ್ನು ಬಿಟ್ಟರೆ ನಮ್ಮವ್ವ ಮಾಡಿದ ತಪ್ಪು ನೀವೂ ಮಾಡಿದಂತೆ.

ಹೊರಡುವಾಗ ಅಕ್ಕ, "ಅದೊಂದು ಹಚ್ಚು, ಬೆಳಗಿಂದು," ಅಂದಳು. ಬೇಂದ್ರೆಯವರ 'ಬೆಳಗು', 'ಬೆಳ್ಳಿಮೋಡ'ಕ್ಕಾಗಿ ಜಾನಕಿ ಹಾಡಿದ್ದು. ಅದೇ ದನಿ, ಅದೇ ಮೆತ್ತಗಿನ ಉಸಿರು. ಆದರೆ ಇಲ್ಲಿ ಯಾರ ಬಾಗಿಲೂ ಇಲ್ಲ, ಬಯಲಿನ ತುಂಬ ಬೆಳಕು. ಅಕ್ಕ ಮಷಿನ್ ತುಳಿಯತೊಡಗಿದಳು. ನಾನು ಹಾಡು ಮುಗಿಯುವ ತನಕ ಹೊಸ್ತಿಲಲ್ಲೇ ನಿಂತಿದ್ದೆ. ಮನೆಗೆ ಬರುವಷ್ಟರಲ್ಲಿ ಒಲೆಯ ಮೇಲಿಟ್ಟು ಹೋದ ಬೇಳೆ ಹತ್ತಿತ್ತು. ಉಪ್ಪಿನ ದೂರಿಗೆ ಈಗ ಇದೂ ಒಂದು ಸೇರಿದೆ.